ಮರ ಕಾಯುವ ವಿಷವೂ ಮೊಲದ ಹಲ್ಲೂ

ಮರ ಕೆಟ್ಟಿತು ಎಂದರೆ ಹೆಚ್ಚಾಗಿ ಇನ್ನೊಂದು ಜೀವ ಅದನ್ನು ತಿಂದಿತು ಎಂದೇ ಅರ್ಥ. ಗೆದ್ದಲು, ಕುಟ್ಟೆಹುಳು, ಬೂಷ್ಟು ಎಲ್ಲಕ್ಕೂ ಮರವೇ ಆಹಾರ. ಹೀಗಾಗಿ ಕಳೆದ ಎರಡು ಶತಮಾನಗಳ ಮರರಕ್ಷಣೆ ಮರಕ್ಕೆ ವಿಷವುಣಿಸುವ ವಿದ್ಯೆಯಾಗಿಯೇ ಬೆಳೆಯಿತು. 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್, ಕಲ್ಲಿದ್ದಲ ಡಾಂಬರಿನ ಎಣ್ಣೆಯನ್ನು ಒತ್ತಡದಲ್ಲಿ ಮರದೊಳಕ್ಕೆ ತುಂಬುವ ವಿಧಾನಕ್ಕೆ ಪೇಟೆಂಟ್ ಪಡೆದ. ರೈಲುಹಳಿಯಡಿಯ ಮರದ ಸ್ಲೀಪರುಗಳು ಬಹುಕಾಲ ಬಾಳಿದ್ದು ಕ್ರಿಯೋಸೋಟ್ ಎಂಬ ಆ ಎಣ್ಣೆಯಿಂದ. ಸುಮಾರು ನೂರು ವರ್ಷಗಳ ಬಳಿಕ, 1933ರಲ್ಲಿ, ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶನ್ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರನ್ನೂ ನೀರಿನಲ್ಲಿ ಕರಗಿಸಿದ ದ್ರಾವಣವನ್ನು ರೂಪಿಸಿದರು. ಬೂಷ್ಟಿಗೆ ತಾಮ್ರ, ಹುಳುವಿಗೆ ಆರ್ಸೆನಿಕ್, ಇವೆರಡನ್ನೂ ಮರದಲ್ಲಿ ಕಚ್ಚಿ ಹಿಡಿಯಲು ಕ್ರೋಮಿಯಂ. ತಂತಿಕಂಬ, ಬೇಲಿ, ಕೊನೆಗೆ ಮಕ್ಕಳ ಉಯ್ಯಾಲೆಯ ಕಂಬದವರೆಗೂ ಅದು ಜಗತ್ತನ್ನು ಸುತ್ತಿತು.

ಕ್ರೋಮಿಯಂನ ಹಿಡಿತ ಮಾತ್ರ ಪೂರ್ಣವಾಗಿರಲಿಲ್ಲ. ಮಳೆಗೆ ಆರ್ಸೆನಿಕ್ ಸ್ವಲ್ಪಸ್ವಲ್ಪವೇ ಮಣ್ಣಿಗಿಳಿಯಿತು, ಮುಟ್ಟಿದ ಕೈಗೂ ಅಂಟಿತು. 2003ರ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಮನೆಬಳಕೆಯ ಹೆಚ್ಚಿನ ಮರಕ್ಕೆ ಆ ದ್ರಾವಣವನ್ನು ಬಳಸುವುದು ನಿಂತಿತು. ಎಪ್ಪತ್ತು ವರ್ಷ ಕೆಲಸ ಮಾಡಿದ ವಸ್ತುವನ್ನು ಇಷ್ಟಕ್ಕೇ ದೂರಬೇಕೆ ಎಂದು ಕೇಳಬಹುದು. ತಂತಿಕಂಬದ ಮಟ್ಟಿಗೆ ಈ ಆಕ್ಷೇಪ ಸರಿ, ಕಂಬವನ್ನು ಯಾರೂ ಕಡಿಯುವುದಿಲ್ಲ. ಸಾಕುಮೊಲದ ಮರದ ಗೂಡಿನಲ್ಲಿ ಲೆಕ್ಕ ಬೇರೆ. ಮೊಲದ ಮುಂಬಲ್ಲು ಅದು ಬದುಕಿರುವಷ್ಟು ಕಾಲ ಬೆಳೆಯುತ್ತದೆ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ನುಂಗಿದ್ದನ್ನು ವಾಂತಿ ಮಾಡಲೂ ಅದಕ್ಕಾಗದು. ಹಳೆಯ ಸ್ಲೀಪರ್, ಕಿತ್ತ ಬೇಲಿಯ ಹಲಗೆ, ಗೋದಾಮಿನ ಪ್ಯಾಲೆಟ್‌ಗಳು ಗೂಡಾಗುವಾಗ ಅವುಗಳ ಪೂರ್ವಚರಿತ್ರೆಯೂ ಜೊತೆಗೇ ಬರುತ್ತದೆ. ರಫ್ತಿನ ಪ್ಯಾಲೆಟ್ ಮೇಲೆ ಮುದ್ರೆ ಇರುತ್ತದೆ: 'ಎಚ್‌ಟಿ' ಎಂದಿದ್ದರೆ ಬಿಸಿಯಿಂದ ಹುಳು ಕೊಂದದ್ದು, 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಎರಡನೆಯದು ಗೂಡಿಗೆ ಬೇಡ.

ಹಾಗಾದರೆ ಹಿಂದಿನವರ ನೈಸರ್ಗಿಕ ಲೇಪನಗಳಿಗೆ ಮರಳೋಣವೇ? ನೈಸರ್ಗಿಕ ಎಂದ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ. ಕರಾವಳಿಯ ದೋಣಿಗಳಿಗೆ ಬಳಿದ ಗೇರುಸಿಪ್ಪೆಯ ಎಣ್ಣೆ ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಚನ್ನಪಟ್ಟಣದ ಆಟಿಕೆಗಳ ಅರಗು ನಿಜಕ್ಕೂ ಸೌಮ್ಯ. ತಿರುಗುವ ಮರಕ್ಕೆ ಬಣ್ಣದರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಹರಡುತ್ತದೆ, ತಾಳೆಗರಿ ಉಜ್ಜಿದರೆ ಹೊಳಪೇರುತ್ತದೆ. ಬಣ್ಣವೂ ವಿಷವಿಲ್ಲದ ಗಿಡಮೂಲದ್ದಾದರೆ ಮಗು ಬಾಯಿಗಿಟ್ಟುಕೊಂಡರೂ ಭಯವಿಲ್ಲ. ಆದರೆ ಅರಗು ಕ್ಷಾರಕ್ಕೆ ಕರಗುತ್ತದೆ, ಮೊಲದ ಮೂತ್ರವೋ ಕ್ಷಾರವೇ. ಆಟಿಕೆಯ ಮೇಲೆ ಉಳಿಯುವ ಲೇಪ ಗೂಡಿನ ನೆಲದ ಮೇಲೆ ಉಳಿಯದು.

ಚರಿತ್ರೆಯಲ್ಲಿ ಇನ್ನೊಂದು ದಾರಿಯೂ ಇದೆ, ಅದು ಈ ವಿಷಗಳಿಗಿಂತ ಹಳೆಯದು: ಮರವನ್ನು ಒಣಗಿದಂತೆಯೇ ಇಡುವುದು. ಮಲೆನಾಡಿನ ಮನೆಗಳ ಮರದ ಕಂಬ ನೆಲ ಮುಟ್ಟದೆ ಕಲ್ಲಿನ ಪೀಠದ ಮೇಲೆ ನಿಂತಿತು, ಉದ್ದ ಚಾಚಿದ ಸೂರು ಎರಚಲನ್ನು ತಡೆಯಿತು. ತೇವಾಂಶ ಸುಮಾರು ಶೇ 20ಕ್ಕಿಂತ ಕೆಳಗಿದ್ದರೆ ಮರವನ್ನು ಕೊಳೆಸುವ ಬೂಷ್ಟು ಬೆಳೆಯದು. ಗೂಡಿಗೂ ಇದೇ ಸೂತ್ರ ಸಾಕು: ಕಾಲಡಿಗೆ ಇಟ್ಟಿಗೆ, ಇಳಿಜಾರಾಗಿ ಚಾಚಿದ ಮಾಡು, ಮೂತ್ರದ ಮೂಲೆಗೆ ತೆಗೆದು ತೊಳೆಯುವ ತಟ್ಟೆ, ಕಡಿಯುವ ಅಂಚಿಗೆ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ. ಬಣ್ಣ ಬೇಕೇಬೇಕೆಂದರೆ ಹಲ್ಲಿಗೆ ಎಟುಕದ ಹೊರಮೈಗಷ್ಟೇ ಬಳಿದು, ಪೂರ್ತಿ ಒಣಗಿದ ಮೇಲೆ ಮೊಲವನ್ನು ಬಿಡಬೇಕು. ಬರಿಮರ ಬೇಗ ಹಾಳಾಗುತ್ತದೆ, ಖರ್ಚು ಮರುಕಳಿಸುತ್ತದೆ ಎಂಬುದು ನಿಜ. ಹಲಗೆಯನ್ನು ಮೊಳೆ ಹೊಡೆಯದೆ ಸ್ಕ್ರೂ ಹಾಕಿ ಕೂರಿಸಿದರೆ ಕೆಟ್ಟದ್ದೊಂದನ್ನೇ ಬದಲಿಸಬಹುದು. ಮೊಲ ಕಡಿಯುವ ಹಲಗೆ ಶಾಶ್ವತವಾಗಿರಬೇಕಿಲ್ಲ, ಸುಲಭವಾಗಿ ಬದಲಿಸುವಂತಿದ್ದರೆ ಸಾಕು.