ಅಂಗಡಿಯ ನೆಲವಾದ ಹಡಗಿನ ಹಲಗೆ

ಲಂಡನ್ನಿನ ಗ್ರೇಟ್ ಮಾರ್ಲ್‌ಬರೋ ಬೀದಿಯ ಲಿಬರ್ಟಿ ಮಳಿಗೆಯಲ್ಲಿ ಗ್ರಾಹಕರು ಓಡಾಡುವುದು ಹಳೆಯ ಯುದ್ಧನೌಕೆಗಳ ಡೆಕ್ಕಿನ ಹಲಗೆಗಳ ಮೇಲೆ!

1924ರಲ್ಲಿ ಈ ಕಟ್ಟಡ ಎದ್ದು ನಿಂತಾಗ ಸಮುದ್ರದಲ್ಲಿ ಉಕ್ಕಿನ ಹಡಗುಗಳದೇ ಕಾಲ. ಮರದ ನೌಕೆಗಳು ಒಡೆಯುವವರ ಪಾಲಾಗಿದ್ದವು. ಎಡ್ವಿನ್ ಹಾಲ್ ಮತ್ತು ಅವರ ಮಗ ರೂಪಿಸಿದ ಈ ಟ್ಯೂಡರ್ ಶೈಲಿಯ ಕಟ್ಟಡಕ್ಕೆ ‘ಇಂಪ್ರೆಗ್ನಬಲ್’, ‘ಹಿಂದೂಸ್ಥಾನ್’ ನೌಕೆಗಳ 24,000 ಘನ ಅಡಿಗೂ ಹೆಚ್ಚು ಮರ ಬಂತು. ಬೀದಿಯತ್ತ ಮುಖ ಮಾಡಿದ ಬದಿಯ ಉದ್ದವೂ ‘ಹಿಂದೂಸ್ಥಾನ್’ ನೌಕೆಯಷ್ಟೇ.

ಇಂಥ ಮರ ಬಡಗಿಗೆ ದೊಡ್ಡ ವರ. ದಶಕಗಳ ಕಾಲ ಒಣಗಿ ಹದಗೊಂಡಿರುವುದರಿಂದ ಸುಲಭಕ್ಕೆ ಸೊಟ್ಟಗಾಗದು. ಆದರೆ ಒಳಗೆ ಉಳಿದ ಮೊಳೆಗಳನ್ನು ಹುಡುಕಿ ಕೀಳದೆ ಗರಗಸ ಹಾಕುವಂತಿಲ್ಲ.

1875ರಲ್ಲಿ ಮಳಿಗೆ ಆರಂಭಿಸಿದ ಆರ್ಥರ್ ಲಿಬರ್ಟಿ 1917ರಲ್ಲೇ ತೀರಿಕೊಂಡರು. ಈ ಕಟ್ಟಡವನ್ನು ಅವರು ನೋಡಲಿಲ್ಲ.