ನಾಯಿಯ ಉಸಿರಿನ ಋಣ

ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೋಗಿ ಬಂದವರು ಲಾಂಚಿನ ಪ್ರಯಾಣವನ್ನು ಮರೆತಿರಲಾರರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ ಆಚೆ ದಡದ ಸೀಮೆ ದ್ವೀಪದಂತಾಯಿತು. ರೋಗಿಯಾದರೂ ಲಾಂಚಿಗೆ ಕಾಯಬೇಕು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು ಆ ಕಾಯುವಿಕೆ ಮುಗಿಯಿತು. ಜೊತೆಗೇ, ವಾಹನಗಳ ಓಟಕ್ಕೂ ತಡೆಯಿಲ್ಲವಾಯಿತು.

ವಾಹನ ಬಡಿದ ನಾಯಿಯ ಮೈಮೇಲೆ ಕೆಲವೊಮ್ಮೆ ಗಾಯವೇ ಕಾಣದು. ಎದ್ದು ಮನೆಗೂ ಬರುತ್ತದೆ. ಆದರೆ ಮಲಗಲಾರದು, ಕತ್ತು ಚಾಚಿ ಏದುಸಿರು ಬಿಡುತ್ತದೆ. ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ತೆಳುವಾದ ಮಾಂಸದ ಪರದೆಯುಂಟು. ಪೆಟ್ಟಿನ ಒತ್ತಡಕ್ಕೆ ಅದು ಹರಿದರೆ ಯಕೃತ್ತು, ಕರುಳು, ಜಠರಗಳು ಎದೆಗೂಡಿಗೆ ನುಗ್ಗಿ ಶ್ವಾಸಕೋಶವನ್ನು ಅದುಮುತ್ತವೆ. ಎತ್ತರದಿಂದ ಬಿದ್ದ ಬೆಕ್ಕಿಗೂ ಇದೇ ಗತಿಯಾಗಬಹುದು.

ಈ ವ್ಯಾಧಿ ಮನುಷ್ಯರಿಗೂ ಹೊಸದಲ್ಲ. ಗುಂಡೇಟಿನಿಂದ ವಪೆಯಲ್ಲಿ ರಂಧ್ರವಾಗಿ, ತಿಂಗಳುಗಳ ಬಳಿಕ ಅದರೊಳಗೆ ಕರುಳು ತೂರಿ ಸತ್ತ ಸೈನ್ಯಾಧಿಕಾರಿಯೊಬ್ಬನ ವೃತ್ತಾಂತವನ್ನು ಫ್ರಾನ್ಸಿನ ಆಂಬ್ರಾಸ್ ಪಾರೆ 16ನೆಯ ಶತಮಾನದಲ್ಲೇ ಬರೆದಿಟ್ಟನು. ಹರಿದುದನ್ನು ಹೊಲಿದರಾಯಿತಲ್ಲ ಎನ್ನಬಹುದು. ತೊಡಕು ಹೊಲಿಗೆಯದಲ್ಲ, ಉಸಿರಿನದು. ಎದೆಯೊಳಗೆ ಹೊರಗಾಳಿ ಹೊಕ್ಕೊಡನೆ ಶ್ವಾಸಕೋಶ ಕುಸಿಯುತ್ತದೆ.

ಈ ತೊಡಕನ್ನು ಬಿಡಿಸಿದ ಕಥೆಯಲ್ಲಿ ನಾಯಿಗಳದೇ ದೊಡ್ಡ ಪಾಲು. 1667ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ನಾಯಿಯೊಂದರ ಎದೆಯನ್ನು ತೆರೆದು, ತಿದಿಯಿಂದ ಶ್ವಾಸನಾಳಕ್ಕೆ ಗಾಳಿಯೂದಿ ಅದನ್ನು ಜೀವಂತ ಇರಿಸಿ ತೋರಿಸಿದನು. ಆಗ ಅರಿವಳಿಕೆ ಇರಲಿಲ್ಲ. ಆ ಮೂಕಪ್ರಾಣಿಯ ಯಾತನೆಯಿಂದ ನೊಂದು, ಇಂಥ ಪ್ರಯೋಗವನ್ನು ಮತ್ತೆ ಮಾಡಲು ಮನಸ್ಸಿಲ್ಲವೆಂದು ಹುಕ್ ಹಿಂದೆಯೇ ಬರೆದಿದ್ದನು, ಆದರೂ ಮಾಡಿದನು. 1846ರಲ್ಲಿ ಈಥರ್ ಅರಿವಳಿಕೆಯಾಗಿ ಪ್ರಸಿದ್ಧಿಗೆ ಬಂತು, 1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದನು. 1904ರಲ್ಲಿ ಜರ್ಮನಿಯ ಸಾವರ್‌ಬ್ರುಕ್, 1909ರಲ್ಲಿ ಅಮೆರಿಕದ ಮೆಲ್ಟ್‌ಜರ್ ಮತ್ತು ಆಯರ್, ತೆರೆದೆದೆಯಲ್ಲೂ ಉಸಿರನ್ನು ಉಳಿಸುವ ಉಪಾಯಗಳನ್ನು ಪ್ರಕಟಿಸಿದರು. ಅವರ ಪ್ರಯೋಗಗಳೂ ನಾಯಿಗಳ ಮೇಲೆಯೇ ನಡೆದವು.

ಇಂದು ಪಶುವೈದ್ಯರು ಮೊದಲು ಆಮ್ಲಜನಕ ಕೊಟ್ಟು ಪ್ರಾಣಿಯನ್ನು ಸುಧಾರಿಸಿ, ಕ್ಷ-ಕಿರಣದ ಚಿತ್ರ ತೆಗೆಯುತ್ತಾರೆ. ಆಮೇಲೆ ಶ್ವಾಸನಾಳಕ್ಕೆ ಕೊಳವೆಯಿಟ್ಟು, ಉಸಿರಾಟವನ್ನು ತಾವೇ ನಡೆಸುತ್ತ, ಹೊಟ್ಟೆಯ ಕಡೆಯಿಂದ ಅಂಗಗಳನ್ನು ಸ್ವಸ್ಥಾನಕ್ಕೆ ತಂದು ವಪೆಯನ್ನು ಹೊಲಿಯುತ್ತಾರೆ. ಎದೆಯಲ್ಲುಳಿದ ಗಾಳಿಯನ್ನು ಹೊರತೆಗೆಯುತ್ತಾರೆ. ಬಹುದಿನ ಅದುಮಿದ್ದ ಶ್ವಾಸಕೋಶವನ್ನು ಒಮ್ಮೆಗೇ ಉಬ್ಬಿಸಬಾರದು. ಅದರಲ್ಲಿ ನೀರು ತುಂಬುವ ಅಪಾಯವಿದೆ. ಸಾಮಾನ್ಯವಾಗಿ ಸುಧಾರಿಸಿದ ಮೇಲೆಯೇ ಶಸ್ತ್ರಕ್ರಿಯೆ. ಎದೆ ಸೇರಿದ ಜಠರ ಉಬ್ಬತೊಡಗಿದರೆ ಮಾತ್ರ ತಡಮಾಡುವಂತಿಲ್ಲ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕ ಪ್ರಾಣಿಗಳಲ್ಲಿ ಹೆಚ್ಚಿನವು ಬದುಕುತ್ತವೆ.

ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಈಗ ಶಿವಮೊಗ್ಗದಲ್ಲೂ ಒಂದಿದೆ. ಹಿನ್ನೀರಿನ ಆಚೆಯವರು ಅಲ್ಲಿಗೆ ಹೊರಡಲು ಲಾಂಚಿನ ಹೊತ್ತು ನೋಡಬೇಕಾಗಿಲ್ಲ. ಪೆಟ್ಟು ತಿಂದ ನಾಯಿಯನ್ನು ಹಿಂಗಾಲು ಹಿಡಿದು ಎತ್ತಬೇಡಿ. ಹಲಗೆಯ ಮೇಲೆ ಮಲಗಿಸಿ, ಮುಂಭಾಗ ತುಸು ಎತ್ತರವಿರಲಿ. ನೀರು, ಅನ್ನ ಕೊಡದೆ ಬೇಗ ಕರೆದೊಯ್ಯಿರಿ. ಮೂರೂವರೆ ಶತಮಾನದ ಹಿಂದೆ ತಿದಿಯ ಗಾಳಿಯಿಂದ ಉಸಿರಾಡಿದ ಆ ನಾಯಿಯ ಋಣವನ್ನು ಇಷ್ಟಾದರೂ ತೀರಿಸಬಹುದು.