ವೆನಿಲ್ಲಾ ಬಳ್ಳಿ ಮತ್ತು ಎಡ್ಮಂಡ್ ಎಂಬ ಹುಡುಗ

ಹೂವಿಗೂ ಕೀಟಕ್ಕೂ ಇರುವುದು ಅಳಿವು ಉಳಿವಿನ ನಂಟು. ಆ ನಂಟು ಕಡಿದರೆ ಏನಾಗುತ್ತದೆಂಬುದನ್ನು ವೆನಿಲ್ಲಾದ ಚರಿತ್ರೆಯಷ್ಟು ಸ್ಪಷ್ಟವಾಗಿ ಹೇಳುವ ಮತ್ತೊಂದನ್ನು ನಾನರಿಯೆ.

ವೆನಿಲ್ಲಾ ಮೆಕ್ಸಿಕೋದ ಕಾಡಿನ ಬಳ್ಳಿ. ನಮ್ಮ ಸೀತಾಳೆಯ ದಾಯಾದಿ. ಅದರ ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಇವೆ. ಆದರೆ ನಡುವೆ ತೆಳುವಾದ ಪರದೆಯೊಂದು ಅಡ್ಡವಿರುವುದರಿಂದ ಪರಾಗವು ತಾನಾಗಿ ಶಲಾಕಾಗ್ರವನ್ನು ಸೇರದು. ಬೆಳಿಗ್ಗೆ ಅರಳಿದ ಹೂವು ಅಂದೇ ಬಾಡುತ್ತದೆ. ಅಷ್ಟರೊಳಗೆ ಅಲ್ಲಿಯ ಕಾಡುಜೇನು ಬಂದರೆ ಮಾತ್ರ ಕಾಯಿ.

ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಫ್ರೆಂಚರು ಈ ಬಳ್ಳಿಯನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಒಯ್ದರು. ಬಳ್ಳಿ ಹಬ್ಬಿತು, ಹೂವೂ ಬಿಟ್ಟಿತು, ಕಾಯಿ ಕಟ್ಟಲಿಲ್ಲ. ಬಳ್ಳಿಯನ್ನು ತಂದವರು ಅದರ ಜೇನನ್ನು ತಂದಿರಲಿಲ್ಲ! 1836ರಲ್ಲಿ ಬೆಲ್ಜಿಯಂನ ಸಸ್ಯವಿಜ್ಞಾನಿ ಚಾರ್ಲ್ಸ್ ಮೊರೆನ್ ಕೈಯಿಂದ ಪರಾಗಸ್ಪರ್ಶ ಮಾಡಿ ಕಾಯಿ ಪಡೆದರೂ ಆ ವಿಧಾನ ತೋಟಗಳಿಗೆ ಇಳಿಯಲಿಲ್ಲ.

1841ರಲ್ಲಿ ಅದೇ ದ್ವೀಪದ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ ಸಣ್ಣ ಕಡ್ಡಿಯಿಂದ ಪರದೆಯನ್ನೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿದ. ಕಾಯಿ ಕಟ್ಟಿತು. ಇಂದಿಗೂ ಜಗತ್ತಿನ ತೋಟಗಳಲ್ಲಿ ನಡೆಯುವುದು ಈ ವಿಧಾನವೇ. ಈ ಶೋಧದ ಕೀರ್ತಿ ತನ್ನದೆಂದು ಸಸ್ಯಶಾಸ್ತ್ರಜ್ಞರೊಬ್ಬರು ವಾದಿಸಿದಾಗ, ಹುಡುಗನ ಒಡೆಯ ಬೆಲಿಯೇ ಬೋಮೊಂ ಅವನ ಪರವಾಗಿಯೇ ಸಾಕ್ಷಿ ನುಡಿದ. 1848ರಲ್ಲಿ ಗುಲಾಮಗಿರಿ ರದ್ದಾಗಿ, ಅವನು ಎಡ್ಮಂಡ್ ಆಲ್ಬಿಯಸ್ ಎನಿಸಿದ. ದ್ವೀಪಕ್ಕೆ ಸಂಪತ್ತು ತಂದ ಆತ 1880ರಲ್ಲಿ ಬಡತನದಲ್ಲೇ ತೀರಿಕೊಂಡ.

2003ರ ಸುಮಾರಿಗೆ ವೆನಿಲ್ಲಾಕ್ಕೆ ಚಿನ್ನದ ಬೆಲೆ ಬಂದು, ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲೂ ಅದು ಹಬ್ಬಿತ್ತು. ನನ್ನ ತರಗತಿಗೆ ಹುಡುಗನೊಬ್ಬ ದಿನವೂ ತಡವಾಗಿ ಬರುತ್ತಿದ್ದ. "ಹೂವಿಗೆ ಪರಾಗಸ್ಪರ್ಶ ಮಾಡಿ ಬಂದೆ ಸಾರ್" ಎಂದರೆ ನೆಪವೆಂದು ಗದರಿಸಿ ಹೊರಗೆ ನಿಲ್ಲಿಸಿದ್ದೆ. ಅಂದು ಕಪ್ಪುಹಲಗೆಯ ಮೇಲೆ ನಾನು ಬರೆದಿದ್ದ ಚಿತ್ರವೂ ಪರಾಗಸ್ಪರ್ಶದ್ದೇ! ಕೆಲವೇ ವರ್ಷಗಳಲ್ಲಿ ಬೆಲೆ ಕುಸಿದು ಬಳ್ಳಿಗಳು ಹಾಳುಬಿದ್ದವು.

ಎಡ್ಮಂಡನ ಕಥೆಯನ್ನು ನಾನು ಓದಿದ್ದು ನಿವೃತ್ತನಾದ ಮೇಲೆ. ಜೇನಿನ ಕೆಲಸವನ್ನು ಕೈಯಾರೆ ಮಾಡಿ ಬಂದ ಆ ಹುಡುಗನಿಂದಲೇ ಅಂದಿನ ಪಾಠ ಹೇಳಿಸಬೇಕಿತ್ತೆಂದು ಈಗ ಅನಿಸುತ್ತದೆ.